ಹುಳ ಕಟ್ಟುತ್ತಿದ್ದ ದೇವೀರಮ್ಮ

ಹೊಳೆಗೆ ಸೇತುವೆ ಬರುತ್ತದೆಂದು ಯಾರೂ ಕನಸಲ್ಲೂ ಎಣಿಸದಿದ್ದ ಕಾಲ. ಕಾವೇರಿ ದಂಡೆಯಲ್ಲಿ ಬೆಸ್ತರದೊಂದು ಊರಿತ್ತು. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬಳಿದ್ದಳು. ಗಾಳಕ್ಕೆ ಹುಳ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಹುಟ್ಟಲೇ ಇಲ್ಲ ಅಂತಾರೆ. ನನ್ನಜ್ಜಿ ಅವಳನ್ನು ಕಣ್ಣಾರೆ ಕಂಡಿದ್ದಳು. ಹಾಗಾಗಿ ನಾನು ಹೇಳೋದರಲ್ಲಿ ಅರ್ಧವಾದರೂ ನಿಜ. ಆ ಅರ್ಧ ಯಾವುದು ಅಂತ ಮಾತ್ರ ಕೇಳಬೇಡಿ.

ಹುಳ ಅಂದರೆ ಎರೆಹುಳ ಅಲ್ಲ. ಅದನ್ನು ಚುಚ್ಚೋಕೆ ಯಾರಿಗೆ ಬರೋದಿಲ್ಲ? ಇದು ಕೊಕ್ಕೆಗೆ ದಾರ ಸುತ್ತಿ ಮಾಡಿದ ಸುಳ್ಳುಹುಳ. ಊರ ಗಂಡಸರೂ ಕಟ್ಟುತ್ತಿದ್ದರು. ನವಿಲುಗರಿ, ಕೋಳಿಪುಕ್ಕ ಅಂತ ಮದುವಣಗಿತ್ತಿಯ ಹಾಗೆ ಸಿಂಗರಿಸುತ್ತಿದ್ದರು. ಅದು ನೀರಿನ ಮೇಲೆ ತೇಲುತ್ತಿತ್ತು, ಮೀನು ತಳದಲ್ಲೇ ಇರುತ್ತಿತ್ತು.

ಒಂದು ವರ್ಷ ಊರ ಪಕ್ಕದಲ್ಲಿ ಹೊಳೆ ಆಳವಾಗಿ ನಿಲ್ಲುವ ಗೂಳಿಮಡುವಿನಲ್ಲಿ ಒಂದು ಮೀನೂ ಸಿಗಲಿಲ್ಲವಂತೆ. ಬಲೆ ಬಿಟ್ಟರೆ ತಳದ ಬಂಡೆಗೆ ಸಿಕ್ಕಿ ಹರಿದುಹೋಗುತ್ತಿತ್ತು. ಊರ ಯಜಮಾನ ಮುದ್ದಯ್ಯ, ದೇವೀರಮ್ಮನಿಗೆ ವರಸೆಯಲ್ಲಿ ಮಾವ, ಮಡುವಿಗೆ ಮದ್ದು ತುಂಬಿದ ತೋಟೆ ಹಾಕಿ ಸಿಡಿಸೋಣ ಅಂದ. ಎಲ್ಲರೂ ಹೂಂ ಅಂದರು. ದೇವೀರಮ್ಮ ಒಬ್ಬಳೇ ಬೇಡ ಅಂದಳು. ತೋಟೆ ಹಾಕಿದರೆ ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ ಎಲ್ಲ ಹೋಗುತ್ತವೆ. ಆಮೇಲೆ ಮಡುವಿನಲ್ಲಿ ಬರೀ ನೀರು. ಮೀನು ಇದೆ, ಗಾಳದಲ್ಲೇ ಹಿಡಿದು ತೋರಿಸುತ್ತೇನೆ ಅಂದಳು. ಮುದ್ದಯ್ಯ ನಕ್ಕು ಒಂದು ದಿನ ಕೊಟ್ಟ. ನಾಳೆ ಹೊತ್ತು ಮಡುವಿನಂಚಿನ ಗೂಳಿಬಂಡೆಯನ್ನು ದಾಟೋದರೊಳಗೆ ಮೀನು ಬರದಿದ್ದರೆ ತೋಟೆ.

ಅವಳು ಸೀದಾ ಹೊಳೆಗಿಳಿದು ಕಲ್ಲುಗಳನ್ನು ಮಗುಚಿ ನೋಡಿದಳಂತೆ. ಕಲ್ಲಡಿಯಲ್ಲಿ ರೆಕ್ಕೆ ಮೂಡದ ಮರಿಹುಳಗಳು ಅಂಟಿಕೊಂಡಿದ್ದವು, ತಳದ ಮೀನು ತಿನ್ನೋದು ಇವನ್ನೇ. ಮೇಲೆ ಹಾರೋಕೆ ಹೊರಟ ಹುಳದ ಮೈಮೇಲೆ ಗಾಳಿಗುಳ್ಳೆಗಳು ಮಿರಮಿರ ಮಿಂಚುತ್ತಿದ್ದವು. ಹತ್ತಿದಾರ ನೀರಲ್ಲಿ ಹಾಗೆ ಮಿಂಚೀತೇ? ಮನೆಗೆ ಓಡಿದಳು. ಪೆಟ್ಟಿಗೆಯಲ್ಲಿ ಅವಳ ಧಾರೆಸೀರೆ ಇತ್ತು, ಊರಿಗೇ ಮೊದಲು ಬಂದ ಮಿಂಚಿನ ನೈಲಾನ್ ಸೀರೆ. ಅದರ ಸೆರಗಿಗೇ ಕತ್ತರಿ ಹಾಕಿದಳು. ಗಂಡ ನಿಂಗಯ್ಯ ಮೂರು ದಿನ ಮಾತು ಬಿಟ್ಟನಂತೆ.

ಎಳೆ ಬಿಡಿಸಿ, ಚೂರು ಮಾಡಿ, ಹತ್ತಿಯ ಹಾಗೆ ಹಿಂಜಿದಳು. ಬಲೆಯ ಸೀಸವನ್ನು ತೆಳ್ಳಗೆ ಬಡಿದು ಕೊಕ್ಕೆಗೆ ಸುತ್ತಿದಳು, ಹುಳ ತಳಕ್ಕೆ ಇಳಿಯಬೇಕಲ್ಲ. ದಾರಕ್ಕೆ ಜೇನುಮೇಣ ತಿಕ್ಕಿ, ಹಿಂಜಿದ ಎಳೆಯನ್ನು ಅದಕ್ಕೆ ಹೊಸೆದು, ಸೀಸದ ಮೇಲೆ ಬಿಗಿಯಾಗಿ ಸುತ್ತಿದಳು.

ಮರುದಿನ ಇಡೀ ಊರು ದಂಡೆಯಲ್ಲಿತ್ತು. ಮುದ್ದಯ್ಯನ ಕೈಯಲ್ಲಿ ತೋಟೆಯ ಗಂಟು. ಮೊದಲ ಸಲ ಗಾಳ ಎಸೆದಳು, ಇಲ್ಲ. ಎರಡನೇ ಸಲ, ಇಲ್ಲ. ಹೊತ್ತು ಬಂಡೆಯ ನೆತ್ತಿಗೆ ಬಂತು. ಹುಳವನ್ನು ಎಳೆದುಕೊಂಡು ನೋಡಿದಳು. ಮಿಂಚೆಲ್ಲ ಅಡಗಿ ಹುಳ ಸತ್ತ ಹಾಗಿತ್ತು. ಕಟ್ಟುವಾಗ ಭಯಕ್ಕೆ ಕೈ ಬಿಗಿಯಾಗಿತ್ತು, ದಾರವೂ ಬಿಗಿಯಾಗಿತ್ತು. ಪಕ್ಕದ ಗಿಡದಿಂದ ಜಾಲಿಮುಳ್ಳು ಮುರಿದು ಹುಳದ ಮೈಯನ್ನು ಮೆಲ್ಲಗೆ ಕೆದಕಿದಳು. ಎಳೆಗಳು ಕೆದರಿ ನಿಂತು, ನಡುವೆ ಗಾಳಿ ಹಿಡಿದು ಬಿಸಿಲಿಗೆ ಮಿಂಚಿದವು.

ಮೂರನೇ ಸಲ ಎಸೆದಳು. ಹುಳ ಇಳಿಯಿತು, ಇಳಿಯಿತು, ದಾರ ನಿಂತಿತು. ನಿಂತದ್ದು ಸರಕ್ಕನೆ ಓಡಿತು ನೋಡಿ, ದೇವೀರಮ್ಮ ಸೊಂಟದವರೆಗೂ ನೀರಿಗೆ ಹೋದಳು. ಮೀನು ಅವಳನ್ನು ಬಂಡೆ ಸುತ್ತಿಸಿತಂತೆ, ಅವಳು ದಾರ ಬಿಡಲಿಲ್ಲ. ಹೊತ್ತು ಬಂಡೆ ದಾಟುವ ಮುಂಚೆ ಬಿಳಿಮೀನು ದಂಡೆಯ ನೀರಲ್ಲಿ ಮಗ್ಗುಲಾಗಿತ್ತು. ನನ್ನಜ್ಜಿ ಹೇಳುವಾಗ ಅದು ಮೊಳದುದ್ದ ಇತ್ತು, ನಮ್ಮಪ್ಪ ಹೇಳುವಾಗ ಮಾರುದ್ದ. ನಾನು ಎಷ್ಟುದ್ದ ಹೇಳಬೇಕೋ ನೀವೇ ಲೆಕ್ಕ ಹಾಕಿ.

"ಮಾವ, ಇದರ ಹೊಟ್ಟೆ ಮುಟ್ಟಿ ನೋಡಿ," ಅಂದಳಂತೆ.

ಮುದ್ದಯ್ಯ ಮುಟ್ಟಿದ. ಹೊಟ್ಟೆ ತುಂಬ ಮೊಟ್ಟೆ. ಆರು ಮಕ್ಕಳ ತಂದೆ ಅವನು. ಮೀನನ್ನು ಅವನೇ ಮಡುವಿಗೆ ಬಿಟ್ಟ, ತೋಟೆಗಳನ್ನು ನೀರಲ್ಲಿ ನೆನೆಸಿ ಹೂತುಹಾಕಿದ.

ಆಮೇಲೆ ಊರಿಗೆಲ್ಲ ಹುಳ ಕಟ್ಟಿದವಳು ಅವಳೇ. ಅವಳು ಸತ್ತ ದಿನ ಹೊದಿಸಲು ಧಾರೆಸೀರೆ ಹುಡುಕಿದರೆ, ಪೆಟ್ಟಿಗೆಯಲ್ಲಿ ಅಂಗೈಯಗಲ ಉಳಿದಿತ್ತು. ನಿಂಗಯ್ಯ ಅದನ್ನೇ ಅವಳ ಎದೆಯ ಮೇಲಿಟ್ಟು ಅತ್ತ.

ಆ ಊರಲ್ಲಿ ಈಗಲೂ ಮದುವೆಯಾದ ಹುಡುಗಿ ತನ್ನ ಧಾರೆಸೀರೆಯಿಂದ ಒಂದೆಳೆ ಕಿತ್ತು, ಕೊಕ್ಕೆಗೆ ಹುಳ ಕಟ್ಟಿ ಗೂಳಿಮಡುವಿಗೆ ಎಸೆಯುತ್ತಾಳೆ. ಸಿಕ್ಕ ಮೊದಲ ಮೀನನ್ನು ಬಿಟ್ಟುಬಿಡುತ್ತಾರೆ. ಅವಳು ಕಟ್ಟುವಾಗ ಹಿರಿಯ ಹೆಂಗಸರು ಸುತ್ತ ಕೂತು ಒಂದೇ ಮಾತು ಹೇಳುತ್ತಾರೆ: "ಬಿಗಿಯಾಗಿ ಸುತ್ತಬ್ಯಾಡ ಕಣವ್ವ, ಅದೂ ಉಸಿರಾಡ್ಲಿ."