ಕಡ್ಡಿ ಬೆಳ್ಳಶೆಟ್ಟಿಯ ಮುಳ್ಳಿನ ಪೆಟ್ಟಿಗೆ

ಬಹಳ ಕಾಲದ ಹಿಂದೆ, ಕಾಡಿನ ಅಂಚಿನ ಒಂದೂರಲ್ಲಿ, ಬೆಳ್ಳಶೆಟ್ಟಿ ಅಂತ ಒಬ್ಬನಿದ್ದನಂತೆ. ಯಾವ ಕಾಲ ಅಂತ ಕೇಳಬೇಡಿ ಮಕ್ಕಳೇ, ನನಗೆ ಗೊತ್ತಿಲ್ಲ. ಊರಿಗೆ ಜೀಪು ಬಂದಿತ್ತು, ಬಸ್ಸು ಬಂದಿರಲಿಲ್ಲ, ಆನೆಗಳು ಮೊದಲಿಂದಲೂ ಇದ್ದವು. ಅಂಥ ಕಾಲ. ನಮ್ಮತ್ತೆ ನನಗೆ ಹೇಳಿದರು, ನಾನು ನಿಮಗೆ ಹೇಳುತ್ತಿದ್ದೇನೆ. ಅವರು ಎಷ್ಟು ಒಗ್ಗರಣೆ ಹಾಕಿದರೋ ಕಾಣೆ, ನಾನಂತೂ ಸ್ವಲ್ಪವೇ ಹಾಕುತ್ತೇನೆ.

ಆ ಊರಿನ ಹೆಸರು ಹೊನ್ನೆಮರದಹಳ್ಳಿ. ಮುಂದೆ ಹೊಲ, ಹಿಂದೆ ಬೆಟ್ಟ, ಬೆಟ್ಟದ ತುಂಬ ಆನೆ. ಆನೆ ರಸ್ತೆಗೆ ಇಳಿದರೆ ಜನಕ್ಕೆ ಸುದ್ದಿ ಮುಟ್ಟಬೇಕಲ್ಲ, ಅದಕ್ಕೆ ಕಾಡಿನವರು ಒಂದು ಜೀಪು ಬಿಟ್ಟಿದ್ದರು. ಆನೆ ಜೀಪು ಅಂತಲೇ ಅದರ ಹೆಸರು, ಓಡಿಸುವವನು ಜವರಯ್ಯ. ಜೀಪಿನೊಳಗೆ ಮಾತಾಡುವ ವೈರ್‌ಲೆಸ್ಸು, ಜೀಪಿನ ತಲೆಯ ಮೇಲೆ ಉದ್ದನೆಯ ಏರಿಯಲ್ಲು ಕಡ್ಡಿ. ಜವರಯ್ಯ ಆನೆ ಕಂಡಲ್ಲಿ ನಿಂತು ಸಲಗ ಬಂತು ಅಂದರೆ, ಆ ಮಾತು ಕಡ್ಡಿಯಿಂದ ಹಾರಿ ಕಾಡಿನ ಗೇಟಿಗೆ ಹೋಗಿ ಬೀಳುತ್ತಿತ್ತಂತೆ. ಗೇಟು ಕಾಯುವ ಸೋಲಿಗರ ಜಡೇಗೌಡ ಅದನ್ನು ಕೇಳಿ ಗೇಟು ಹಾಕುತ್ತಿದ್ದ. ಗಾಡಿ ನಿಲ್ಲುತ್ತಿತ್ತು, ಜನ ನಿಲ್ಲುತ್ತಿದ್ದರು, ಆನೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಆದರೆ ಕಡ್ಡಿ ಅನ್ನುವುದು ಬಲು ಮುನಿಸಿನ ವಸ್ತು. ಕೊಂಚ ಉದ್ದವಾದರೂ ಮಾತು ಹೊರಡದು, ಕೊಂಚ ಗಿಡ್ಡವಾದರೂ ಹೊರಡದು. ಅದನ್ನು ಹದಕ್ಕೆ ತರುವವನೇ ಬೆಳ್ಳಶೆಟ್ಟಿ. ಅದಕ್ಕೇ ಅವನು ಕಡ್ಡಿ ಬೆಳ್ಳಶೆಟ್ಟಿ.

ಮೊದಲು ಅವನು ಗುಜರಿ ವ್ಯಾಪಾರ ಮಾಡುತ್ತಿದ್ದನಂತೆ. ಮಿಲಿಟರಿಯವರು ಬೇಡವೆಂದು ಎಸೆದ ಸಾಮಾನಿನ ರಾಶಿಯಲ್ಲಿ ಅವನಿಗೆ ಒಂದು ಪೆಟ್ಟಿಗೆ ಸಿಕ್ಕಿತಂತೆ. ಗಾಜು ಸೀಳಿತ್ತು, ತಿರುಪು ಮುರಿದಿತ್ತು, ಒಳಗೆ ಗಡಿಯಾರದ ಮುಳ್ಳಿನಂಥ ಒಂದೇ ಮುಳ್ಳು. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಸೀಳಿದ ಗಾಜನ್ನು ಹಾಗೇ ಬಿಟ್ಟು, ವೈರ್‌ಲೆಸ್ಸಿಗೂ ಕಡ್ಡಿಗೂ ನಡುವೆ ಅದನ್ನು ಜೋಡಿಸುತ್ತಿದ್ದ. ಜವರಯ್ಯ ಗುಂಡಿ ಒತ್ತಿ ಹಲೋ ಅಂದರೆ ಮುಳ್ಳು ಎದ್ದು ನಿಲ್ಲುತ್ತಿತ್ತು. ಬೆಳ್ಳಶೆಟ್ಟಿ ಕಡ್ಡಿಯ ತುದಿಯನ್ನು ಎಳ್ಳುಕಾಳಿನಷ್ಟು ಕತ್ತರಿಸುತ್ತಿದ್ದ. ಮತ್ತೆ ಹಲೋ. ಮತ್ತೆ ಎಳ್ಳುಕಾಳಿನಷ್ಟು. ಹೀಗೆ ಕತ್ತರಿಸುತ್ತಾ ಕತ್ತರಿಸುತ್ತಾ ಮುಳ್ಳು ಮೆಲ್ಲಗೆ ಮಲಗಿಬಿಡುತ್ತಿತ್ತು.

ಇದೇನು ಸೆಟ್ರೆ ಅಂತ ಯಾರಾದರೂ ಕೇಳಿದರೆ ಸಾಕು, ಮೀಸೆ ತೀಡಿಕೊಂಡು ಶುರು ಮಾಡುತ್ತಿದ್ದನಂತೆ. ಮಾತು ಅಂದರೆ ಮದುವೆಯಾದ ಹೆಣ್ಣುಮಗಳಿದ್ದಂತೆ ಕಣಪ್ಪ. ಕಡ್ಡಿ ಸರಿಯಿಲ್ಲ ಅಂದರೆ ಊರಬಾಗಿಲ ತನಕ ಹೋಗಿ, ನಾನು ಗಂಡನ ಮನೆಗೆ ಹೋಗಲ್ಲ ಅಂತ ಅತ್ತುಕೊಂಡು ವಾಪಸ್ಸು ಬರುತ್ತಾಳೆ. ಎಷ್ಟು ವಾಪಸ್ಸು ಬಂದಳು ಅಂತ ಈ ಮುಳ್ಳು ಹೇಳುತ್ತದೆ. ಮುಳ್ಳು ಎದ್ದರೆ ಮಗಳು ಮುನಿಸಿಕೊಂಡವಳೆ. ಮುಳ್ಳು ಮಲಗಿದರೆ ಮಗಳು ನಗುನಗುತ್ತಾ ಹೊರಟಳು ಅಂತ ಅರ್ಥ.

ಜಂಬದ ಆಸಾಮಿ ಬಿಡಿ. ಹುಣಸೆಮರದ ಕೆಳಗೆ ಕೂತು, ದೂರದೂರಿಂದ ಬಂದ ಡ್ರೈವರುಗಳನ್ನು ಎಲೆಯಡಿಕೆ ಮುಗಿಯುವ ತನಕ ಕಾಯಿಸುತ್ತಿದ್ದನಂತೆ. ಅವನು ಹದ ಮಾಡಿದ ಲಾರಿಯ ಕಡ್ಡಿಯ ಮೇಲೆ ಇಲ್ಲಿ ಒಂದು ಕಾಗೆ ಕೂತು ಕೂಗಿದರೆ, ಕೊಳ್ಳೇಗಾಲದಲ್ಲಿ ಯಾರದೋ ಮನೆಯವರು ನೆಂಟರು ಬರುತ್ತಾರೆ ಅಂತ ಅನ್ನಕ್ಕಿಡುತ್ತಿದ್ದರಂತೆ. ನಾನು ನೋಡಿಲ್ಲ. ಅಂತೆ.

ಹೀಗಿರುವಾಗ ಆಯುಧಪೂಜೆ ಬಂತು.

ಜವರಯ್ಯನಿಗೆ ಜೀಪು ಅಂದರೆ ಪ್ರಾಣ. ತಿಕ್ಕಿ ತೊಳೆದ. ಸಾಲದು ಅಂತ ಕಡ್ಡಿ ಬಿಚ್ಚಿಟ್ಟು, ಬುಡವನ್ನೂ ಬಿಡದೆ ಜೀಪಿಗೆಲ್ಲ ದಪ್ಪನಾಗಿ ಹಸಿರು ಬಣ್ಣ ಬಳಿದ. ಬಣ್ಣ ಒಣಗಿದ ಮೇಲೆ ಕಡ್ಡಿ ನಿಲ್ಲಿಸಿ, ಹಿತ್ತಾಳೆ ತಂತಿಯಲ್ಲಿ ಪೋಣಿಸಿದ ಚೆಂಡುಹೂವನ್ನು ಬುಡದಿಂದ ತುದಿತನಕ ಸುತ್ತಿದ. ಮದುವಣಗಿತ್ತಿ ಹಾಗೆ ಕಂಡಿತಂತೆ ಜೀಪು.

ಇತ್ತ ಬೆಳ್ಳಶೆಟ್ಟಿಯ ಹೆಂಡತಿ ದುಂಡಮ್ಮ ಮುಳ್ಳಿನ ಪೆಟ್ಟಿಗೆಯನ್ನು ಮಣೆಯ ಮೇಲೆ ಇಟ್ಟಳು. ಮನೆ ಸಾಕಿದ ಪೆಟ್ಟಿಗೆ ಅಲ್ಲವೇ, ಕಡಿಮೆ ಮಾಡಿದರೆ ಹೇಗೆ? ಅರಿಶಿನ ಬಳಿದಳು, ಒದ್ದೆ ಕುಂಕುಮ ಮೆತ್ತಿದಳು, ತೆಂಗಿನಕಾಯಿ ಒಡೆದು ಕಾಯಿನೀರನ್ನು ಮೇಲೆಯೇ ಸುರಿದಳು. ಸೀಳಿದ ಗಾಜಿನ ಸಂದಿಯಿಂದ ಎಲ್ಲ ಒಳಗಿಳಿಯಿತು.

ಪೂಜೆಯಾದ ಮೇಲೆ ಬೆಳ್ಳಶೆಟ್ಟಿ ಪೆಟ್ಟಿಗೆಯನ್ನು ಜೀಪಿಗೆ ಜೋಡಿಸಿದ. ಜವರಯ್ಯ ಹಲೋ ಅಂದ. ಮುಳ್ಳು ಮಲಗಿಯೇ ಇತ್ತು. ಬೆಳ್ಳಶೆಟ್ಟಿ ಊರಿಗೆಲ್ಲ ಕೇಳುವ ಹಾಗೆ ಕೂಗಿದನಂತೆ, ನೋಡಿರಪ್ಪ, ಕತ್ತರಿ ಮುಟ್ಟಿಸದೆ ಹದಕ್ಕೆ ಬಂತು, ನನ್ನ ಕೈ ಗುಣ ಅಂದರೆ ಇದು! ಜನ ಶಿಳ್ಳೆ ಹೊಡೆದರು.

ಮಾರನೆಯ ಬೆಳಿಗ್ಗೆ ಬೆಳ್ಳಶೆಟ್ಟಿಯ ಮಗಳು ಸಾಕವ್ವ ಗಂಡನ ಮನೆಗೆ ಹೊರಟಳು. ಹಬ್ಬಕ್ಕೆ ಬಂದಿದ್ದವಳು, ಕಂಕುಳಲ್ಲಿ ಕೂಸು. ಎತ್ತಿನ ಗಾಡಿಯ ತುಂಬ ತವರಿನ ಹೊಸ ಬೆಲ್ಲದ ಅಚ್ಚು. ಗಾಡಿಯ ದಾರಿ ಹಳ್ಳದ ಬಂಡೆಗಳ ಮೇಲೆ ಹಾದು ಕಾಡಿನ ಗೇಟಿಗೆ ಹೋಗುತ್ತದೆ, ಗೇಟು ದಾಟಿದರೆ ಕಾಡಿನ ರಸ್ತೆ. ಆ ಬಂಡೆಗಳ ಮೇಲೆ ಜೀಪು ಹೋಗಲಾರದು. ಜೀಪು ಬೆಟ್ಟ ಸುತ್ತಿ ಆಚೆಯಿಂದಲೇ ಕಾಡಿನ ರಸ್ತೆಗೆ ಬರಬೇಕು.

ಸಾಕವ್ವ ಹೋಗಿ ಬಹಳ ಹೊತ್ತಾಗಿತ್ತು. ಜವರಯ್ಯ ಜೀಪನ್ನು ಹಾರಿಸಿಕೊಂಡು ಹುಣಸೆಮರದ ಕೆಳಗೆ ಬಂದು ನಿಲ್ಲಿಸಿದನಂತೆ. ಮೈಯೆಲ್ಲ ಬೆವರು.

"ಸೆಟ್ರೆ, ಒಂಟಿಸಲಗ ಗೇಟಿನಾಚೆ ತಿರುವಲ್ಲಿ ನಿಂತದೆ! ಕೂಗೀ ಕೂಗೀ ಗಂಟ್ಲು ಬಿದ್ದೋಯ್ತು, ಜಡೇಗೌಡ ಓಗೊಡ್ತಾನೇ ಇಲ್ಲ. ನಿಮ್ಮ ಕಡ್ಡಿ ಮೂಗಾಗ್ಯದೆ!"

ಬೆಳ್ಳಶೆಟ್ಟಿ ಹಳ್ಳದ ದಾರಿಯ ಕಡೆ ತಿರುಗಿ ನೋಡಿದ. ಬೆಲ್ಲದ ಗಾಡಿ. ಸಲಗಕ್ಕೆ ಬೆಲ್ಲದ ವಾಸನೆ ಹರದಾರಿಯಿಂದಲೇ ಹೊಡೆಯುತ್ತದೆ. ಗೇಟು ತೆರೆದಿದ್ದರೆ ಗಾಡಿ ನೇರ ಅದರ ಸೊಂಡಿಲಿಗೇ ಹೋಗಿ ನಿಲ್ಲುತ್ತದೆ. ಓಡಿಹೋಗಿ ಗಾಡಿ ಹಿಡಿಯುವ ಹಾಗಿಲ್ಲ, ಜೀಪಿನ ದಾರಿಗೆ ಸಲಗವೇ ಅಡ್ಡ. ಮಾತೊಂದೇ ಹೋಗಬೇಕು.

ಪೆಟ್ಟಿಗೆ ಜೋಡಿಸಿದ. ಹಲೋ ಅನ್ನಿಸಿದ. ಮುಳ್ಳು ಮಲಗಿತ್ತು.

"ಸರಿಯಾಗೇ ಅದಲ್ಲೋ ಜವರ! ನೋಡು, ಮುಳ್ಳು ಮಲಗ್ಯದೆ."

ದುಂಡಮ್ಮ ಸೆರಗು ಸಿಕ್ಕಿಸಿಕೊಂಡು ನುಗ್ಗಿ ಬಂದಳಂತೆ. "ಯಾವಾಗ್ಲೂ ಅದು ಮೊದಲು ಏಳ್ತಿತ್ತು, ಆಮೇಲೆ ಮಲಗ್ತಿತ್ತು. ಇವತ್ತು ಎದ್ದೇ ಇಲ್ಲವಲ್ಲ ಇವರೇ! ಏಳದೇ ಇರೋದು ಹೆಂಗೆ ಮಲಗ್ತದೆ?"

ಪೆಟ್ಟಿಗೆ ಕಿತ್ತುಕೊಂಡು ತಲೆಕೆಳಗೆ ಮಾಡಿ ಕುಲುಕಿದಳು. ಮುಳ್ಳು ಅಲುಗಲಿಲ್ಲ. ಗಾಜಿನ ಸಂದಿಯಿಂದ ಕುಂಕುಮದ ಹೆಪ್ಪು, ಕಾಯಿನೀರಿನ ಅಂಟು ಮೆಲ್ಲಗೆ ಇಳಿಯಿತು.

"ಅಯ್ಯೋ ಶಿವನೇ, ಪೂಜೆ ಮಾಡಿ ಮಾಡಿ ಅದರ ಬಾಯಿ ಮುಚ್ಚಿಬಿಟ್ನಲ್ಲಾ!" ಅಂದಳು.

"ನೀನು ಅದರ ಬಾಯಿ ಮುಚ್ಚಿದೆ, ನಾನು ನನ್ನ ಬಾಯಿ ತೆರೆದೆ," ಅಂದನಂತೆ ಬೆಳ್ಳಶೆಟ್ಟಿ. ಆ ಹೊತ್ತಲ್ಲೂ ಹಾಗೆ ಅಂದನಲ್ಲ, ಅದಕ್ಕೇ ನಮ್ಮತ್ತೆಗೆ ಅವನೆಂದರೆ ಇಷ್ಟ.

ಈಗ ಪೆಟ್ಟಿಗೆ ಇಲ್ಲ. ಪೆಟ್ಟಿಗೆಯಿಲ್ಲದ ಬೆಳ್ಳಶೆಟ್ಟಿ ಏನು ಮಾಡಬೇಕು? ಗುಜರಿ ರಾಶಿಯ ಕಡೆ ಓಡಿದ. ಕೆಟ್ಟುಹೋದ ಒಂದು ಟ್ಯೂಬ್‌ಲೈಟು ಎಳೆದು ತಂದ. ಎರಡೂ ತುದಿ ಕಪ್ಪಾಗಿ ಸುಟ್ಟಿದ್ದ, ಯಾರಿಗೂ ಬೇಡವಾದ ಟ್ಯೂಬು, ಆದರೆ ಮಾತು ಹೊರಡುವ ಕಡ್ಡಿಯ ಪಕ್ಕ ಹಿಡಿದರೆ ಅದು ಮಿನುಗುತ್ತದೆ ಅಂತ ಅವನಿಗೆ ಗೊತ್ತು. ಹಗಲಲ್ಲಿ ಆ ಮಿನುಗು ಕಾಣಲಿ ಅಂತ ದುಂಡಮ್ಮನ ಕೈಲಿ ಕಂಬಳಿ ತರಿಸಿ, ಕಡ್ಡಿಗೂ ತನಗೂ ಸೇರಿಸಿ ಮುಸುಕು ಹಾಕಿಕೊಂಡ. ಜೀಪಿನ ಮೇಲೆ ಕಂಬಳಿಯ ಗುಡ್ಡ ಎದ್ದಂತೆ ಕಂಡಿತಂತೆ. ಕಂಬಳಿಯೊಳಗಿಂದ ಕೂಗಿದ, ಒತ್ತು ಜವರ!

ಜವರಯ್ಯ ಒತ್ತಿದ. ಟ್ಯೂಬು ಕತ್ತಲೆ.

ಚೆಂಡುಹೂವಿನ ತಂತಿ ಹರಿದು ಎಸೆದ. ಒತ್ತು! ಟ್ಯೂಬು ಕತ್ತಲೆ.

ಆಗ ಅವನ ಬೆರಳು ಕಡ್ಡಿಯ ಬುಡ ಸವರಿತು. ನುಣ್ಣಗೆ, ದಪ್ಪಗೆ ಬಣ್ಣ. ಬರಿಯ ಕಬ್ಬಿಣದ ಮೇಲೆ ಕಾಲೂರದಿದ್ದರೆ ಕಡ್ಡಿಯಿಂದ ಮಾತು ಹೊರಡದು, ಅದು ಅವನಿಗೆ ಗೊತ್ತು. "ಲೋ ಜವರ, ಬುಡಕ್ಕೂ ಬಳಿದ್ಯೇನ್ಲಾ?"

"ಚೆಂದ ಕಾಣ್ಲಿ ಅಂತ ಬಳ್ದೆ ಸೆಟ್ರೆ!"

ಕಡ್ಡಿ ಬಿಚ್ಚಿ, ಕುಡುಗೋಲಿನ ಮೊನೆಯಿಂದ ಬುಡದ ಬಣ್ಣ ಹೆರೆದ, ಹೆರೆದ, ಹೆರೆದ. ಹಣೆಯ ಬೊಟ್ಟಿನಷ್ಟಗಲ ಕಬ್ಬಿಣ ಬೆಳ್ಳಗೆ ಹೊಳೆಯಿತು. ಅದರ ಮೇಲೆ ಕಡ್ಡಿ ಬಿಗಿದ. ಒತ್ತು!

ಟ್ಯೂಬು ಹತ್ತಿಕೊಂಡಿತಂತೆ ಮಕ್ಕಳೇ. ತಂತಿ ಇಲ್ಲ, ಕರೆಂಟಿನ ಕಂಬ ಇಲ್ಲ, ಕೆಟ್ಟ ಟ್ಯೂಬು ಅವನ ಬರಿಗೈಯಲ್ಲಿ ಬೆಳದಿಂಗಳ ತುಂಡಿನ ಹಾಗೆ ಹತ್ತಿಕೊಂಡಿತಂತೆ. ಕಂಬಳಿಯ ತೂತುಗಳಿಂದ ಬೆಳಕು ಸೋರಿತಂತೆ. ನೋಡಿದವರು ಕೈಮುಗಿದರಂತೆ.

"ಹೊರಟಳು! ಮಗಳು ಹೊರಟಳು! ಕೂಗೋ ಜವರ!"

ಜವರಯ್ಯ ಕೂಗಿದ, ಸಲಗ ಬಂತು, ಗೇಟು ಹಾಕು. ಮರುಗಳಿಗೆಯೇ ವೈರ್‌ಲೆಸ್ಸು ಗೊರಗೊರ ಅಂದು ಜಡೇಗೌಡನ ದನಿ ಬಂತು. "ಯಾಕಣ್ಣ ಕಿರುಚ್ತೀಯೆ, ನಂಗೇನು ಕಿವುಡಾ? ಗಾಡಿ ಈಗ ಬಂದದೆ. ಗೇಟು ಹಾಕ್ದೆ."

ಬೆಳ್ಳಶೆಟ್ಟಿ ಕಂಬಳಿ ಸರಿಸಿ ಕಿವಿಗೊಟ್ಟ. ಗೇಟಿನಲ್ಲಿ ನಡೆದದ್ದನ್ನೆಲ್ಲ ಜಡೇಗೌಡ ವೈರ್‌ಲೆಸ್ಸಿನಲ್ಲೇ ಹೇಳುತ್ತಿದ್ದ, ಎಲ್ಲರೂ ಕೇಳುತ್ತಿದ್ದರು. ಸಲಗ ಗೇಟಿನ ಆಚೆ ಬಂದು ನಿಂತಿತಂತೆ, ಸೊಂಡಿಲು ಚಾಚಿ ಮೂಸಿತಂತೆ. ಗೇಟಿಗೆ ತಲೆ ಕೊಡುವುದೋ ಬೇಡವೋ ಅಂತ ಯೋಚಿಸಿತಂತೆ. ಜಡೇಗೌಡ ಒಂದು ಅಚ್ಚು ಬೆಲ್ಲ ಎತ್ತಿ ದೂರದ ಪೊದೆಗೆ ಬೀಸಿದ. ಸಲಗ ಬೆಲ್ಲದ ಹಿಂದೆ ಹೋಯಿತು, ಬೆಲ್ಲ ತಿಂದು ಕಾಡಿನೊಳಗೆ ಹೋಯಿತು.

ಆಮೇಲೆ ವೈರ್‌ಲೆಸ್ಸಿನಲ್ಲಿ ಒಂದು ಹೆಣ್ಣುದನಿ ಬಂತು.

"ಅಪ್ಪಾ, ನಾನು ಕಣಪ್ಪ, ಸಾಕಿ. ಕೂಸು ಚೆಂದಾಗಿ ಅದೆ, ಆನೆ ನೋಡಿ ನಗ್ತಾ ಅದೆ. ಆದ್ರೆ ಒಂದಚ್ಚು ಬೆಲ್ಲ ಕಮ್ಮಿ ಆಯ್ತಲ್ಲ, ನಮ್ಮತ್ತೆಗೆ ಏನು ಹೇಳ್ಲಿ?"

ಊರವರ ಮಾತನ್ನೆಲ್ಲ ಹೊರಡಿಸಿದ ಬೆಳ್ಳಶೆಟ್ಟಿಗೆ ತನ್ನದೇ ಹೊರಡಲಿಲ್ಲವಂತೆ. ದುಂಡಮ್ಮನೇ ಜವರಯ್ಯನ ಕೈಯಿಂದ ಮೈಕು ಕಿತ್ತುಕೊಂಡು ಗುಂಡಿ ಒತ್ತಿ, "ಗಣಪತಿ ತಿಂದ ಅಂತ ಹೇಳವ್ವ, ಅವ್ರು ಏನಂತಾರೆ ನೋಡಾನ!" ಅಂದಳಂತೆ.

ಆ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಒಣಗಿಸಿ, ಕೋಳಿಪುಕ್ಕದಿಂದ ಒರೆಸಿದ ಮೇಲೆ ಮುಳ್ಳು ಮತ್ತೆ ಎದ್ದಿತಂತೆ. ಬೆಳ್ಳಶೆಟ್ಟಿ ಬಹಳ ಕಾಲ ಬದುಕಿದ, ಜಂಬ ಮಾತ್ರ ಬಿಡಲಿಲ್ಲ. ಆದರೆ ಅಲ್ಲಿಂದಾಚೆಗೆ ಪ್ರತಿ ಸಲ ಮೊದಲು ಮುಳ್ಳು ಏಳುವುದನ್ನು ದುಂಡಮ್ಮನಿಗೆ ತೋರಿಸಿ, ಎದ್ದಿತಾ ಅಂತ ಕೇಳಿ, ಆಮೇಲೆ ಕತ್ತರಿ ಹಿಡಿಯುತ್ತಿದ್ದನಂತೆ.

ಈಗಲೂ ಆ ಸೀಮೆಯಲ್ಲಿ ಆಯುಧಪೂಜೆಯ ದಿನ ಜೀಪಿಗೆ, ಟ್ರಾಕ್ಟರಿಗೆ, ಲಾರಿಗೆ ಎಷ್ಟು ಬೇಕಾದರೂ ಬಣ್ಣ ಬಳಿಯುತ್ತಾರೆ. ಆದರೆ ಕಡ್ಡಿಯ ಬುಡದಲ್ಲಿ ಬೊಟ್ಟಿನಷ್ಟಗಲ ಬರಿಯ ಕಬ್ಬಿಣ ಬಿಡುತ್ತಾರೆ. ಅದಕ್ಕೆ ಬೆಳ್ಳಶೆಟ್ಟಿ ಬೊಟ್ಟು ಅಂತ ಹೆಸರು. ಅಲ್ಲಿಗೆ ಕುಂಕುಮವಿಲ್ಲ, ಹೂವಿಲ್ಲ, ದೂರದಿಂದಲೇ ಕೈಮುಗಿಯುವುದು. ಪೂಜೆ ಮುಗಿದ ಮೇಲೆ ಒಂದಚ್ಚು ಬೆಲ್ಲ ಕಾಡಿನ ಕಡೆ ಬೀಸಿ ಬರುತ್ತಾರೆ.

ವೈರ್‌ಲೆಸ್ಸು ಸರಿಯಿದೆಯೋ ಇಲ್ಲವೋ ನೋಡಬೇಕಾದರೆ ಆ ಕಡೆಯ ಡ್ರೈವರುಗಳು ಈಗಲೂ ಹಲೋ ಅನ್ನುವುದಿಲ್ಲ. ಬೆಳಿಗ್ಗೆ ಎದ್ದು ಗುಂಡಿ ಒತ್ತಿ, "ಮಗಳು ಹೊರಟಳು" ಅನ್ನುತ್ತಾರೆ. ಗೇಟಿನ ಕಡೆಯಿಂದ "ಮಗಳು ಬಂದಳು" ಅಂತ ಬರುವ ತನಕ ಯಾರೂ ಗಾಡಿ ಎಬ್ಬಿಸುವುದಿಲ್ಲ.