ಈರಜ್ಜಿಯ ನಿದ್ದೆ ಮತ್ತು ಮೋಟು ಸ್ಪ್ರಿಂಗಿನ ಕರಿ ಗಾಡಿ

ಕಾಲು ಅಲ್ಲಾಡಿಸಬೇಡ. ಹ್ಞೂಂ ಅನ್ನು. ಆಗ ಕತೆ ಹೇಳ್ತೀನಿ.

ಒಬ್ಬಳು ಈರಜ್ಜಿ ಇದ್ದಳು. ಅವಳಿಗೊಬ್ಬ ಮೊಮ್ಮಗ, ಗುರುಸಿದ್ದ. ಗುರುಸಿದ್ದನಿಗೊಂದು ಕರಿ ಗಾಡಿ. ಎತ್ತರದ ಗಾಡಿ. ಆನೆಯಂಥ ಗಾಡಿ.

ಸೋಮವಾರ ಸಂತೆ. ಸಂತೆಯ ದಾರಿಯಲ್ಲಿ ಏಳು ಹಂಪು, ರಸ್ತೆಗಡ್ಡ ಏಳು ಉಬ್ಬು. ಈರಜ್ಜಿ ಕಿಟಕಿ ಪಕ್ಕ ಕೂರುತ್ತಿದ್ದಳು. ಒಂದನೇ ಹಂಪಿಗೆ ಕಣ್ಣು ಮುಚ್ಚುತ್ತಿದ್ದಳು. ಏಳನೇ ಹಂಪಿಗೆ ಕಣ್ಣು ಬಿಡುತ್ತಿದ್ದಳು. ಮನೆಯಲ್ಲಿ ಬಾರದ ನಿದ್ದೆ ಗಾಡಿಯಲ್ಲಿ ಬರುತ್ತಿತ್ತು. ಅವಳಿಗೆ ಇದ್ದದ್ದೇ ಅದೊಂದು ನಿದ್ದೆ.

ಹೀಗಿರುವಾಗ ಹಿಂದಿನ ಬೀದಿಗೆ ಒಂದು ಕೆಂಪು ಗಾಡಿ ಬಂತು. ತಗ್ಗಿನ ಗಾಡಿ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಗುರುಸಿದ್ದ ನೋಡಿದ. ಅವನ ಹೊಟ್ಟೆ ಚುರ್ ಅಂತು. ನನ್ನ ಗಾಡಿ ಅದಕ್ಕಿಂತ ಒಂದು ಬೆರಳು ತಗ್ಗಿರಬೇಕು ಅಂದ. ಜಬ್ಬಾರ್ ಮೇಸ್ತ್ರಿಯ ಗ್ಯಾರೇಜಿಗೆ ಓಡಿದ. ಬೇಡಪ್ಪ ಅಂದರು ಮೇಸ್ತ್ರಿ. ಇವನು ಕೇಳಬೇಕಲ್ಲ. ನಾಲ್ಕು ಸ್ಪ್ರಿಂಗಿನಲ್ಲೂ ಎರಡೆರಡು ಸುತ್ತು ಕತ್ತರಿಸಿ ತೆಗೆಸಿದ. ಆನೆ ಹೋಗಿ ಆಮೆ ಆಯಿತು.

ಸೋಮವಾರ ಬಂತು. ಈರಜ್ಜಿ ಹತ್ತಿ ಕೂತಳು.

ಒಂದನೇ ಹಂಪು, ದಢಕ್. ಎರಡನೇ ಹಂಪು, ದಢಕ್. ಮೂರನೇ ಹಂಪು, ದಢಕ್. ನಾಲ್ಕನೇ ಹಂಪು, ದಢಕ್. ಐದನೇ ಹಂಪು, ದಢಕ್. ಆರನೇ ಹಂಪು, ದಢಕ್. ಏಳನೇ ಹಂಪು, ದಢಕ್ ದಢಕ್.

ಈರಜ್ಜಿಯ ನಿದ್ದೆ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಪಕ್ಕದಲ್ಲಿ ಒಂದು ಹಳೇ ಆಟೋ ಹೋಯಿತು. ಅದರೊಳಗೆ ಎದುರುಮನೆ ತಿಮ್ಮಜ್ಜಿ. ಬಾಯಿ ಬಿಟ್ಟುಕೊಂಡು ಗಾಢ ನಿದ್ದೆ. ಈರಜ್ಜಿ ನೋಡಿದಳು. ಅವಳ ಹೊಟ್ಟೆ ಚುರ್ ಅಂತು.

ಮಾರನೇ ದಿನ ಎದ್ದವಳೇ ಗುರುಸಿದ್ದನ ಮುಂದೆ ನಿಂತಳು. ಗಾಡಿ ಎತ್ತರ ಮಾಡಿಸು, ನನ್ನ ನಿದ್ದೆ ಕೊಡು ಅಂದಳು. ಆಗಲ್ಲ ಅಜ್ಜಿ, ಕೆಂಪು ಗಾಡಿಯವನು ನಗ್ತಾನೆ ಅಂದ ಅವನು.

ಈರಜ್ಜಿ ಜಬ್ಬಾರ್ ಮೇಸ್ತ್ರಿ ಹತ್ತಿರ ಹೋದಳು.

"ಮೇಸ್ತ್ರಿ, ಮೇಸ್ತ್ರಿ, ಗಾಡಿ ರಿಪೇರಿ ಮಾಡು. ಗಾಡಿ ದಢಕ್ ಬಿಡಲ್ಲ. ನನಗೆ ನಿದ್ದೆ ಬರಲ್ಲ."

ಮೇಸ್ತ್ರಿ ಮನೆತನಕ ಬಂದು ಗಾಡಿ ಕೆಳಗೆ ಬಗ್ಗಿ ನೋಡಿದರು. ಮೋಟು ಸ್ಪ್ರಿಂಗು ಕುಣಿಯಲ್ಲಮ್ಮ, ಒದೆಯುತ್ತೆ ಅಂದರು. ಗಾಡಿ ತಗ್ಗೇ ಇರಲಿ, ಓಟ ಮೆತ್ತಗಾಗಲಿ. ತಗ್ಗು ಗಾಡಿಗೇ ಅಂತ ಮಾಡಿದ್ದು ಅಂಗಡಿಯಲ್ಲಿ ಸಿಗುತ್ತೆ. ನಾಲ್ಕು ಮೆತ್ತನೆ ಸ್ಪ್ರಿಂಗು, ನಾಲ್ಕು ಗಿಡ್ಡ ಶಾಕ್ ಅಬ್ಸಾರ್ಬರು, ನಾಲ್ಕು ರಬ್ಬರ್ ತುಂಡು. ಅದು ಬರೋತನಕ ನಾನು ಗಾಡಿ ಮುಟ್ಟಲ್ಲ ಅಂದರು.

ಈರಜ್ಜಿ ಸ್ಪ್ರಿಂಗ್ ಅಂಗಡಿಯ ಸುಶೀಲಕ್ಕನ ಹತ್ತಿರ ಹೋದಳು.

"ಸುಶೀಲಕ್ಕ, ಸುಶೀಲಕ್ಕ, ಸ್ಪ್ರಿಂಗು ಕೊಡು. ಮೇಸ್ತ್ರಿ ಗಾಡಿ ಮುಟ್ಟಲ್ಲ. ಗಾಡಿ ದಢಕ್ ಬಿಡಲ್ಲ. ನನಗೆ ನಿದ್ದೆ ಬರಲ್ಲ."

ಕೊಡಲ್ಲ ಅಂದಳು ಸುಶೀಲಕ್ಕ. ಬಜ್ಜಿ ಭೈರಣ್ಣ ದಿನಾ ಸಂಜೆ ಗ್ಯಾರೇಜಿಗೆ ಬಿಸಿ ಬಜ್ಜಿ ಕಳಿಸ್ತಾನೆ. ನನ್ನ ಅಂಗಡಿ ಮುಂದೆಯೇ ಹೋಗುತ್ತೆ ತಟ್ಟೆ. ನನಗೆ ಬರೋದು ಬರೀ ವಾಸನೆ. ನೋಡಿದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತೆ. ನನಗೂ ಬಜ್ಜಿ ಬರಲಿ, ಆಮೇಲೆ ಸ್ಪ್ರಿಂಗು.

ಈರಜ್ಜಿ ಬಜ್ಜಿ ಭೈರಣ್ಣನ ಹತ್ತಿರ ಹೋದಳು.

"ಭೈರಣ್ಣ, ಭೈರಣ್ಣ, ಬಜ್ಜಿ ಕೊಡು. ಸುಶೀಲಕ್ಕ ಸ್ಪ್ರಿಂಗು ಕೊಡಲ್ಲ. ಮೇಸ್ತ್ರಿ ಗಾಡಿ ಮುಟ್ಟಲ್ಲ. ಗಾಡಿ ದಢಕ್ ಬಿಡಲ್ಲ. ನನಗೆ ನಿದ್ದೆ ಬರಲ್ಲ."

ಕೊಡಲ್ಲ ಅಂದ ಭೈರಣ್ಣ. ಮುಂದೆ ಎಣ್ಣೆ ಬಾಣಲೆ, ಮೇಲೆ ಬಿಸಿಲು. ನಾನೇ ಬಜ್ಜಿ ಆಗಿದ್ದೀನಿ. ಪಕ್ಕದಲ್ಲಿ ಹೂವಿನ ಸಾವಂತ್ರಮ್ಮನಿಗೆ ನೋಡು, ಏಳು ಬಣ್ಣದ ದೊಡ್ಡ ಕೊಡೆ. ನೋಡಿದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತೆ. ಆ ಕೊಡೆ ಈ ಕಡೆ ಸರೀಲಿ, ಆಮೇಲೆ ಬಜ್ಜಿ.

ಈರಜ್ಜಿ ಹೂವಿನ ಸಾವಂತ್ರಮ್ಮನ ಹತ್ತಿರ ಹೋದಳು.

"ಸಾವಂತ್ರಮ್ಮ, ಸಾವಂತ್ರಮ್ಮ, ಕೊಡೆ ಸರಿಸು. ಭೈರಣ್ಣ ಬಜ್ಜಿ ಕೊಡಲ್ಲ. ಸುಶೀಲಕ್ಕ ಸ್ಪ್ರಿಂಗು ಕೊಡಲ್ಲ. ಮೇಸ್ತ್ರಿ ಗಾಡಿ ಮುಟ್ಟಲ್ಲ. ಗಾಡಿ ದಢಕ್ ಬಿಡಲ್ಲ. ನನಗೆ ನಿದ್ದೆ ಬರಲ್ಲ."

ಸರಿಸಲ್ಲ ಅಂದಳು ಸಾವಂತ್ರಮ್ಮ. ಬೆಳಗ್ಗಿಂದ ಸಂಜೆತನಕ ಈ ಕಲ್ಲಿನ ಮೇಲೆ ಕೂತು ಹೂ ಕಟ್ತೀನಿ. ಟೈಲರ್ ಪಾಂಡುರಂಗಪ್ಪನಿಗೆ ಮಾತ್ರ ಕೂರೋಕೆ ಹತ್ತಿ ದಿಂಬು, ಅದರ ಸುತ್ತ ನೆರಿಗೆ ನೆರಿಗೆ ಝಾಲರು ಬೇರೆ. ನೋಡಿದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತೆ. ನನಗೂ ಒಂದು ದಿಂಬು ಹೊಲೀಲಿ, ಆಮೇಲೆ ಕೊಡೆ.

ಈರಜ್ಜಿ ಟೈಲರ್ ಪಾಂಡುರಂಗಪ್ಪನ ಹತ್ತಿರ ಹೋದಳು.

"ಟೈಲರಪ್ಪ, ಟೈಲರಪ್ಪ, ದಿಂಬು ಹೊಲಿ. ಸಾವಂತ್ರಮ್ಮ ಕೊಡೆ ಸರಿಸಲ್ಲ. ಭೈರಣ್ಣ ಬಜ್ಜಿ ಕೊಡಲ್ಲ. ಸುಶೀಲಕ್ಕ ಸ್ಪ್ರಿಂಗು ಕೊಡಲ್ಲ. ಮೇಸ್ತ್ರಿ ಗಾಡಿ ಮುಟ್ಟಲ್ಲ. ಗಾಡಿ ದಢಕ್ ಬಿಡಲ್ಲ. ನನಗೆ ನಿದ್ದೆ ಬರಲ್ಲ."

ಹೊಲಿಯಲ್ಲ ಅಂದ ಪಾಂಡುರಂಗಪ್ಪ. ದಿನವೆಲ್ಲ ಈ ಮಿಷನ್ನು ಕಟಕಟ ಅನ್ನೋದೇ ನನಗೆ ಸಂಗೀತ. ಗೋಡೆ ಆಚೆ ತಿಮ್ಮಜ್ಜಿ ಒಬ್ಬಳೇ ಕೂತು ರೇಡಿಯೋ ಕೇಳ್ತಾಳೆ. ಅದರ ಬಾಯಿ ಅಡುಗೆಮನೆ ಕಡೆ. ಹಾಡು ಯಾವುದು ಅಂತಲೂ ತಿಳಿಯಲ್ಲ. ಹೊಟ್ಟೆ ಚುರ್ ಅನ್ನುತ್ತೆ. ಅವಳು ರೇಡಿಯೋ ಈ ಕಡೆ ತಿರುಗಿಸಲಿ, ಆಮೇಲೆ ದಿಂಬು.

ಈರಜ್ಜಿ ಅಲ್ಲೇ ನಿಂತುಬಿಟ್ಟಳು.

ತಿಮ್ಮಜ್ಜಿ ಹತ್ತಿರ ಹೋಗೋದಾ? ಬಾಯಿ ಬಿಟ್ಟು ನಿದ್ದೆ ಮಾಡುವ ತಿಮ್ಮಜ್ಜಿ ಹತ್ತಿರ? ಕಾಲು ಮುಂದೆ ಹೋಗಲಿಲ್ಲ. ಹೊಟ್ಟೆ ಚುರ್ ಅಂತು. ಆದರೆ ಕಣ್ಣು ಉರಿಯುತ್ತಿತ್ತು. ನಿದ್ದೆಯಿಲ್ಲದ ಕಣ್ಣು.

ಈರಜ್ಜಿ ತಿಮ್ಮಜ್ಜಿಯ ಜಗಲಿ ಹತ್ತಿದಳು. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳಿದಳು.

"ತಿಮ್ಮಜ್ಜಿ, ತಿಮ್ಮಜ್ಜಿ, ರೇಡಿಯೋ ತಿರುಗಿಸು. ಟೈಲರಪ್ಪ ದಿಂಬು ಹೊಲಿಯಲ್ಲ. ಸಾವಂತ್ರಮ್ಮ ಕೊಡೆ ಸರಿಸಲ್ಲ. ಭೈರಣ್ಣ ಬಜ್ಜಿ ಕೊಡಲ್ಲ. ಸುಶೀಲಕ್ಕ ಸ್ಪ್ರಿಂಗು ಕೊಡಲ್ಲ. ಮೇಸ್ತ್ರಿ ಗಾಡಿ ಮುಟ್ಟಲ್ಲ. ಗಾಡಿ ದಢಕ್ ಬಿಡಲ್ಲ. ನನಗೆ ನಿದ್ದೆ ಬರಲ್ಲ."

"ತಿರುಗಿಸಲ್ಲ," ಅಂದಳು ತಿಮ್ಮಜ್ಜಿ. "ಪ್ರತಿ ಸೋಮವಾರ ನೀನು ಮಹಾರಾಣಿ ಥರ ಕರಿ ಗಾಡಿ ಹತ್ತಿ ಹೋಗ್ತೀಯ. ಒಂದು ದಿನ ಬಾ ಅಂದಿದ್ದೀಯೇನೇ?"

"ನಿನಗೆ ಆಟೋ ಇದೆಯಲ್ಲ. ನಿದ್ದೆಯೂ ಇದೆ."

"ಎಂಥ ನಿದ್ದೆ ಅದು. ಏಳುವಷ್ಟರಲ್ಲಿ ಬಾಯಿ ತುಂಬ ಧೂಳು. ನಿನ್ನ ಗಾಡಿಗೆ ಗಾಜಿನ ಕಿಟಕಿ. ನೋಡಿದಾಗೆಲ್ಲ ನನ್ನ ಹೊಟ್ಟೆ ಚುರ್ ಅನ್ನುತ್ತೆ. ನನಗೂ ಕಿಟಕಿ ಪಕ್ಕ ಜಾಗ ಕೊಡು, ಆಮೇಲೆ ರೇಡಿಯೋ."

ಈರಜ್ಜಿಗೆ ಒಳಗೊಳಗೇ ಖುಷಿಯಾಯಿತು. ಇವಳ ಹೊಟ್ಟೆಯೂ ಚುರ್ ಅನ್ನುತ್ತಾ? ನನ್ನ ನೋಡಿ? ಆಮೇಲೆ ಸಂಕಟವಾಯಿತು. ಕಿಟಕಿ ಕೊಡೋದು ಹೇಗೆ? ಕಿಟಕಿ ನಂದು. ಅವಳು ಬೆರಳು ಮಡಿಸಿ ಎಣಿಸಿದಳು. ಹಿಂದಿನ ಸೀಟಿಗೆ ಈ ಕಡೆ ಒಂದು ಕಿಟಕಿ. ಆ ಕಡೆ ಒಂದು ಕಿಟಕಿ. ಒಟ್ಟು ಎರಡು. ತನಗೆ ತಲೆ ಎಷ್ಟು? ಒಂದೇ.

"ಆ ಕಡೆ ಕಿಟಕಿ ನಿಂದು. ಈ ಕಡೆಯದು ಮಾತ್ರ ಕೇಳಬೇಡ," ಅಂದಳು.

ಅಷ್ಟೇ ಸಾಕಾಯಿತು.

ತಿಮ್ಮಜ್ಜಿ ರೇಡಿಯೋ ತಿರುಗಿಸಿದಳು. ಟೈಲರಪ್ಪ ಹಾಡು ಕೇಳುತ್ತ ದಿಂಬು ಹೊಲಿದ. ಝಾಲರು ಹಾಕೋದನ್ನೂ ಮರೆಯಲಿಲ್ಲ. ಸಾವಂತ್ರಮ್ಮ ದಿಂಬಿನ ಮೇಲೆ ಕೂತು ಕೊಡೆ ಸರಿಸಿದಳು. ಒಂದೇ ಮೊಳ ಸರಿಸಿದ್ದು. ನೆರಳು ಇಬ್ಬರಿಗೂ ಸಾಕಾಯಿತು. ಭೈರಣ್ಣ ನೆರಳಲ್ಲಿ ನಿಂತು ಬಜ್ಜಿ ಕೊಟ್ಟ. ಸುಶೀಲಕ್ಕ ಬಜ್ಜಿ ತಿಂದು, ಕೈ ಒರೆಸಿಕೊಂಡು, ನಾಲ್ಕು ಮೆತ್ತನೆ ಸ್ಪ್ರಿಂಗು, ನಾಲ್ಕು ಗಿಡ್ಡ ಶಾಕ್ ಅಬ್ಸಾರ್ಬರು, ನಾಲ್ಕು ರಬ್ಬರ್ ತುಂಡು ಕೊಟ್ಟಳು. ಜಬ್ಬಾರ್ ಮೇಸ್ತ್ರಿ ಗಾಡಿ ಮುಟ್ಟಿದರು. ಮೋಟು ಸ್ಪ್ರಿಂಗು ಬಿಚ್ಚಿ ಮೂಲೆಗೆ ಎಸೆದರು. ಹೊಸದು ಹಾಕಿದರು. ಗುರುಸಿದ್ದ ಬೆರಳಿಟ್ಟು ಅಳೆದ. ಗಾಡಿ ತಗ್ಗಾಗಿಯೇ ಇತ್ತು. ಅವನ ಹೊಟ್ಟೆ ತಣ್ಣಗಾಯಿತು.

ಸೋಮವಾರ ಬಂತು. ಈ ಕಿಟಕಿಗೆ ಈರಜ್ಜಿ. ಆ ಕಿಟಕಿಗೆ ತಿಮ್ಮಜ್ಜಿ. ಮಧ್ಯದಲ್ಲಿ ಸಂತೆಯ ಚೀಲ, ಇಬ್ಬರೂ ಒಬ್ಬರಿಗೊಬ್ಬರು ತಾಗದ ಹಾಗೆ.

ಒಂದನೇ ಹಂಪು, ಜುಂಯ್. ಎರಡನೇ ಹಂಪು, ಜುಂಯ್. ಮೂರನೇ ಹಂಪು, ಜುಂಯ್.

ಈರಜ್ಜಿ ಅರ್ಧ ಕಣ್ಣು ಬಿಟ್ಟು ಆ ಕಡೆ ನೋಡಿದಳು. ತಿಮ್ಮಜ್ಜಿ ಆಗಲೇ ಬಾಯಿ ಬಿಟ್ಟು ಮಲಗಿದ್ದಳು. ನನ್ನ ಗಾಡಿಯಲ್ಲಿ, ನನಗಿಂತ ಮೊದಲು! ಈರಜ್ಜಿಯ ಹೊಟ್ಟೆ ಚುರ್ ಅಂತು. ಬೇಗ ಬೇಗ ಕಣ್ಣು ಮುಚ್ಚಿದಳು. ಬಾಯಿಯನ್ನೂ ಬಿಟ್ಟಳು. ತಿಮ್ಮಜ್ಜಿಗಿಂತ ದೊಡ್ಡದಾಗಿ ಬಿಟ್ಟಳು.

ನಾಲ್ಕನೇ ಹಂಪು, ಜುಂಯ್. ಐದನೇ ಹಂಪು, ಜುಂಯ್. ಆರನೇ ಹಂಪು, ಜುಂಯ್.

ಏಳನೇ ಹಂಪಿಗೆ ಚುರ್ ಇರಲಿಲ್ಲ. ಗೊರ್ ಇತ್ತು. ಈ ಕಿಟಕಿಯಲ್ಲಿ ಗೊರ್. ಆ ಕಿಟಕಿಯಲ್ಲಿ ಗೊರ್.

ಗುರುಸಿದ್ದ ಸಂತೆಯ ಹತ್ತಿರ ಗಾಡಿ ನಿಲ್ಲಿಸಿದ. ತಿರುಗಿ ನೋಡಿದ. ಎಬ್ಬಿಸಲಿಲ್ಲ. ಚೀಲ ಮೆಲ್ಲಗೆ ಎಳೆದುಕೊಂಡು ತಾನೇ ಸಂತೆಗೆ ಇಳಿದ.

ಅವರಿಬ್ಬರೂ ಮಲಗಿಯಾಯಿತು. ಹಂಪು ಮುಗಿಯಿತು, ಕತೆ ಮುಗಿಯಿತು. ಇನ್ನು ನಿನ್ನ ಬಾಯಿ ಮುಚ್ಚಲಿ, ಕಣ್ಣೂ ಮುಚ್ಚಲಿ.