ಸಾಂತವ್ವನನ್ನು ಹುಡುಕಿದ ದಿನ

ಕುಮುದಾಪುರದ ದಕ್ಷಿಣದ ಅಂಚಿನಲ್ಲಿ, ಹಿಂದೊಮ್ಮೆ ಜಕಾತಿ ವಸೂಲಿ ಮಾಡುತ್ತಿದ್ದ ನಾಕಾದ ಹಳೆಯ ಕೋಣೆಯೊಂದಿತ್ತು. ಜಕಾತಿ ರದ್ದಾದ ಮೇಲೆ ಅದಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ದೇಶಸಂಚಾರ ಮುಗಿಸಿ ಬಂದ ಪರಮಪೂಜ್ಯ ನಿರ್ವಾಣಮ್ಮ ತಾಯಿಯವರು ಅಲ್ಲಿಯೇ ನೆಲೆನಿಂತರು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಬೇಡಿಕೊಂಡರೂ ಅವರು ಒಪ್ಪಲಿಲ್ಲ. ಹಗಲೆಲ್ಲ ಹರಕು ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವರು. ಹೊಲಿದದ್ದನ್ನು ಬಯಲಿನಲ್ಲಿ ಮಲಗುವವರಿಗೆ ಕೊಟ್ಟುಬಿಡುವರು. ದರ್ಶನಕ್ಕೆ ಬಂದವರು ಉಪದೇಶ ಕೇಳಿದರೆ, ಸೂಜಿಗೆ ದಾರ ಪೋಣಿಸಿಕೊಡಲು ಹೇಳಿ ಸುಮ್ಮನಾಗುತ್ತಿದ್ದರು.

ಆ ವರ್ಷ ನಗರದಲ್ಲಿ ದೊಡ್ಡದೊಂದು ಕ್ರೀಡಾಕೂಟ ನಿಗದಿಯಾಯಿತು. ಹೊರರಾಜ್ಯಗಳಿಂದ ಆಟಗಾರರು, ರಾಜಧಾನಿಯಿಂದ ಮಂತ್ರಿಗಳು ಬರುವವರಿದ್ದರು. ಸ್ಟೇಶನ್ ರಸ್ತೆಯ ಗೋಡೆಗಳಿಗೆಲ್ಲ ಸುಣ್ಣ ಬಿತ್ತು. ಗೋಡೆಯ ಬುಡದಲ್ಲಿ ಬಾಳುತ್ತಿದ್ದ ಜನರನ್ನು ಏನು ಮಾಡುವುದೆಂಬ ಪ್ರಶ್ನೆ ನಗರಸಭೆಯ ಆರೋಗ್ಯಾಧಿಕಾರಿ ವಿರೂಪಾಕ್ಷಪ್ಪ ಯಲಿಗಾರರ ತಲೆಗೆ ಬಂತು.

ಯಲಿಗಾರರು ಕೆಟ್ಟವರಲ್ಲ. ಆದರೆ ಹೆದರಿದ ಮನುಷ್ಯ. "ಸ್ಟೇಶನ್ನಿಂದ ಮೈದಾನದವರೆಗೆ ಒಬ್ಬನೇ ಒಬ್ಬ ಭಿಕ್ಷುಕ ಅತಿಥಿಗಳ ಕಣ್ಣಿಗೆ ಬಿದ್ದರೆ ನೀವು ಜವಾಬ್ದಾರರು" ಎಂದು ಮುಖ್ಯಾಧಿಕಾರಿಗಳು ಹೇಳಿದಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಊರ ಹೊರಗೆ ಗುತ್ತಿಗೆದಾರನೊಬ್ಬ ಆಶ್ರಯ ಕೇಂದ್ರ ತೆರೆದಿದ್ದಾನೆ, ಎಲ್ಲರನ್ನೂ ಅಲ್ಲಿಗೆ ಸಾಗಿಸಿದರಾಯಿತು ಎಂದು ಮೇಲಿನವರು ಹೇಳಿದಾಗ, ಅವರು ಹಿಂದೆಮುಂದೆ ನೋಡದೆ ಲಾರಿ ಕಳಿಸಿದರು. ಮೊದಲ ಲಾರಿ ತುಂಬಿ ಹೋದದ್ದನ್ನು ಕಂಡು, ಉಳಿದವರು ಗಂಟುಮೂಟೆ ಹೊತ್ತು ತಾಯಿಯವರ ನಾಕಾದ ನೆರಳಿಗೆ ಓಡಿಬಂದು ಕುಳಿತರು.

ಮರುದಿನ ಬೆಳಿಗ್ಗೆ ಯಲಿಗಾರರು ಜೀಪಿನಲ್ಲಿ ಅಲ್ಲಿಗೆ ಬಂದರು. ಸಾಧುಸಂತರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಆದರೂ ಭಕ್ತರ ಗದ್ದಲವಾದೀತೆಂಬ ಅಳುಕಿನಿಂದ ಬೂಟು ಕಳಚಿ ಕೈಮುಗಿದರು.

"ಅವ್ವಾರ, ಇಂದು ಮಧ್ಯಾಹ್ನ ಇಲ್ಲಿಗೂ ಲಾರಿ ಬರತೈತ್ರಿ. ಇವರಿಗೆಲ್ಲ ನೀವೇ ಒಂದು ಮಾತು ಹೇಳಿದ್ರ ಸುಲಭ ಆಗತಿತ್ತು. ಅಲ್ಲಿ ಊಟ, ಹಾಸಿಗಿ ಎಲ್ಲಾ ವ್ಯವಸ್ಥಾ ಐತ್ರಿ."

ತಾಯಿಯವರು ತಲೆಯೆತ್ತುವ ಮೊದಲೇ ಗುಂಪಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಅವಳು ಗಾಳೆವ್ವ, ಓಣಿ ಓಣಿ ತಿರುಗಿ ಸೂಜಿ, ಹಣಿಗೆ ಮಾರುವವಳು. ಅವಳ ಕಣ್ಣುಗಳು ಊದಿಕೊಂಡಿದ್ದವು.

"ಸಾಹೇಬ್ರ, ನಮ್ಮವ್ವ ಸಾಂತವ್ವಗ ಎರಡೂ ಕಣ್ಣಿಲ್ಲ. ಸ್ಟೇಶನ್ ಗ್ವಾಡಿಗೆ ಕುಂದ್ರಿಸಿ ನಾ ಯಾಪಾರಕ್ಕ ಹೋಗಿದ್ದೆ. ಬಂದು ನೋಡಿದ್ರ ಅಕಿ ಇಲ್ಲ. ದವಾಖಾನಿ, ಪೊಲೀಸ್ ಠಾಣೆ, ಎಲ್ಲಾ ಕಡೆ ಕೇಳಿದೆ. ಎಲ್ಲಿ ಬಿಟ್ಟೀರಿ ನಮ್ಮವ್ವನ್ನ?"

"ಆಶ್ರಯ ಕೇಂದ್ರದಾಗ ಅದಾಳವಾ. ಆರಾಮ ಅದಾಳ" ಎಂದರು ಯಲಿಗಾರರು.

ತಾಯಿಯವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವರ ಮುಖ ನೋಡಿದರು.

"ತಮ್ಮಾ, ನೀ ಕಣ್ಣಾರೆ ನೋಡೀಯೇನು?"

ಯಲಿಗಾರರು ಆ ಕೇಂದ್ರವನ್ನು ನೋಡಿರಲಿಲ್ಲ. ನೋಡಿದವರು ಯಾರೆಂಬುದೂ ಗೊತ್ತಿರಲಿಲ್ಲ.

"ನಡಿ, ನೋಡಿಕೊಂಡು ಬರೋಣು" ಎಂದು ತಾಯಿಯವರು ಎದ್ದರು. ಎಪ್ಪತ್ತು ದಾಟಿದ ಆ ದೇಹ ಜೀಪಿನ ಹಿಂಬದಿಯಲ್ಲಿ ಗಾಳೆವ್ವನ ಪಕ್ಕ ಕುಳಿತಿತು. ಲಾರಿಯನ್ನು ನಡೆಸಿದ ಡ್ರೈವರ್ ಫಕ್ಕೀರಪ್ಪನನ್ನೂ ನಗರಸಭೆಯ ಅಂಗಳದಿಂದ ಕರೆದುಕೊಂಡರು. ದಾರಿಯುದ್ದಕ್ಕೂ ಅವನು ಬೆವರು ಒರೆಸಿಕೊಳ್ಳುತ್ತಿದ್ದ. ಯಲಿಗಾರರು ಅದನ್ನು ಕಂಡರು, ಕೇಳುವ ಧೈರ್ಯವಾಗಲಿಲ್ಲ.

ಆಶ್ರಯ ಕೇಂದ್ರವೆಂದರೆ ತಗಡಿನ ಒಂದು ಶೆಡ್. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಸಂದಿಯಿಂದ ಇಣುಕಿದರೆ ಒಳಗೆ ಸಿಮೆಂಟಿನ ಖಾಲಿ ಚೀಲಗಳು ಬಿಟ್ಟರೆ ಏನೂ ಇರಲಿಲ್ಲ. ನೀರಿನ ನಲ್ಲಿಯೂ ಇಲ್ಲ.

"ಫಕ್ಕೀರಪ್ಪ, ಜನ ಎಲ್ಲಿ?" ಯಲಿಗಾರರು ಕೇಳಿದರು.

"ಬೀಗ ಹಾಕಿತ್ರೀ ಸಾಹೇಬ್ರ. ಗುತ್ತಿಗೆದಾರರ ಮನಷ್ಯಾ, ಮುಂದ ಕಲ್ಲಿನ ಕ್ವಾರಿ ಕಡೆ ಇಳಿಸಿ ಬಾ, ಆಟ ಮುಗಿಯೂತನಾ ಅವರು ಹೊಳ್ಳಿ ಬರಬಾರದು ಅಂದ. ಇಳಿಸಿ ಬಂದೆ. ನಾ ಏನು ಮಾಡ್ಲಿರಿ?"

ಗಾಳೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ತಾಯಿಯವರು ಅವಳ ಬೆನ್ನ ಮೇಲೆ ಕೈಯಿಟ್ಟರು, ಅಷ್ಟೆ.

ಕ್ವಾರಿಯ ಬಳಿ ಜಾಲಿಮರಗಳ ಕೆಳಗೆ ಜನ ಬಿದ್ದುಕೊಂಡಿದ್ದರು. ಬಿಸಿಲಿಗೆ ತುಟಿಗಳು ಒಡೆದಿದ್ದವು. ಜೀಪಿನಲ್ಲಿದ್ದ ನೀರನ್ನು ತಾಯಿಯವರು ಒಬ್ಬೊಬ್ಬರ ಬಾಯಿಗೂ ತಾವೇ ಹನಿಸಿದರು. ಆ ಗುಂಪಿನಲ್ಲಿ ಸಾಂತವ್ವ ಇರಲಿಲ್ಲ. "ಮಗಳು ದಾರಿ ಕಾಯತಾಳ ಅಂತ ನಸಕಿನ್ಯಾಗ ಎದ್ದು ತಡಕಾಡಕೋತ ಹೋದಳ್ರಿ. ಹಿಡಿಯಾಕ ನಮಗ ಶಕ್ತಿ ಇರಲಿಲ್ಲ" ಎಂದು ಮುದುಕನೊಬ್ಬ ಕ್ವಾರಿಯ ಕಡೆ ಕೈ ತೋರಿಸಿದ.

ಸುತ್ತ ಎಲ್ಲಿ ನೋಡಿದರೂ ಕಲ್ಲು ತೆಗೆದ ಗುಂಡಿಗಳು. ಬಾವಿಯಂಥ ಆಳ, ತಳದಲ್ಲಿ ಹಸಿರುಗಟ್ಟಿದ ನೀರು. ಯಲಿಗಾರರು ಒಂದೊಂದರ ಅಂಚಿಗೂ ಹೋಗಿ, ನೀರಿನ ಮೇಲೆ ಸೀರೆಯ ಬಣ್ಣ ಕಂಡೀತೆಂಬ ಭಯದಿಂದ ಕಣ್ಣು ಮುಚ್ಚಿಕೊಂಡೇ ಬಗ್ಗಿ, ಆಮೇಲೆ ಕಣ್ಣು ತೆರೆಯುತ್ತಿದ್ದರು. ಎಂದೂ ಬೇಡದ ಮನುಷ್ಯ, ಯಾರನ್ನೆಂದು ತಿಳಿಯದೆ ಮನಸ್ಸಿನಲ್ಲೇ ಬೇಡತೊಡಗಿದರು.

"ಗಾಳೆವ್ವ, ಅವ್ವ ಅಂತ ಕರೆದ್ರ ಯಾರ ದನಿ ಅಂತ ಅಕಿಗೆ ತಿಳೀಲಿಕ್ಕಿಲ್ಲ. ಓಣ್ಯಾಗ ಹೆಂಗ ಕೂಗತಿ, ಹಂಗ ಕೂಗು" ಎಂದರು ತಾಯಿಯವರು.

ಗಾಳೆವ್ವ ಗಂಟಲು ಸರಿಮಾಡಿಕೊಂಡಳು. "ಸೂಜೀ... ದಬ್ಬಣಾ... ಹಣಿಗೀ..."

ಕಲ್ಲುಗಳಿಗೆ ಬಡಿದು ಕೂಗು ಹಿಂದಿರುಗಿತು. ಎರಡನೆಯ ಸಲವೂ ಅಷ್ಟೆ. ಮತ್ತೆ ಕೂಗಿದಾಗ ಬಹಳ ದೂರದಿಂದ, ಒಣಗಿದ ಗಂಟಲಿನಿಂದ ಓಗೊಡುವುದು ಕೇಳಿಸಿತು.

ಎಲ್ಲರೂ ಓಡಿದರು. ಎಲ್ಲಕ್ಕಿಂತ ದೊಡ್ಡ ಗುಂಡಿಯ ಅಂಚಿನಲ್ಲೇ ಸಾಂತವ್ವ ಕುಳಿತಿದ್ದಳು. ಒಂದು ಕಾಲು ಆಚೆ ಇಳಿಬಿದ್ದಿತ್ತು. ಮಗಳ ಹೆಜ್ಜೆಯ ಸಪ್ಪಳ ಕೇಳಿ ಏಳಲು ಕೈಯೂರಿದಳು. ಕೈಕೆಳಗಿನ ಕಲ್ಲಿನ ಚೂರು ಜಾರಿ ನೀರಿಗೆ ಬಿದ್ದಿತು.

"ಅಲ್ಲೇ ಕುಂದ್ರು ಅನ್ನು" ಎಂದರು ತಾಯಿಯವರು ಮೆಲ್ಲಗೆ.

"ಯವ್ವಾ, ಅಲ್ಲೇ ಕುಂದ್ರು! ಅಲುಗಬ್ಯಾಡ!"

ತಾಯಿಯವರು ಯಲಿಗಾರರತ್ತ ತಿರುಗಿದರು. ಯಲಿಗಾರರು ಬೋರಲಾಗಿ ನೆಲಕ್ಕೆ ಮಲಗಿ, ಅಂಗುಲ ಅಂಗುಲವಾಗಿ ತೆವಳಿ ಮುದುಕಿಯ ಹಿಂದೆ ಬಂದು, ತೋಳುಗಳಡಿ ಕೈಹಾಕಿ ಅವಳನ್ನು ಎಳೆದುಕೊಂಡರು. ಇಬ್ಬರೂ ಮಣ್ಣಿನಲ್ಲಿ ಬಿದ್ದರು. ಸಾಂತವ್ವ ಅವರ ಅಂಗಿ, ಮುಖ ಎಲ್ಲವನ್ನೂ ಬೆರಳುಗಳಿಂದ ಸವರಿ ನೋಡಿದಳು.

"ಯಾರಪ್ಪಾ ನೀನು?"

"ನಿಮ್ಮನ್ನ ಲಾರಿ ಹತ್ತಿಸಿದವ ನಾನೇ ರೀ ಯವ್ವಾ."

"ಹಂಗಾರ ನಮ್ಮ ಮನೀ ದಾರಿ ನಿನಗ ಗೊತ್ತೈತಿ. ನಡಿ ಮತ್ತ" ಎಂದು ಸಾಂತವ್ವ ಅವರ ಹೆಗಲ ಮೇಲೆ ಕೈಯಿಟ್ಟಳು.

ಯಲಿಗಾರರು ಅಲ್ಲಿಯೇ ತಾಯಿಯವರ ಪಾದಗಳ ಬಳಿ ಕುಸಿದು ಗೊಳೋ ಎಂದು ಅತ್ತರು.

ಫಕ್ಕೀರಪ್ಪ ಹೋಗಿ ತಂದ ಅದೇ ಲಾರಿ ಎಲ್ಲರನ್ನೂ ಊರಿಗೆ ಕರೆತಂದಿತು. ಮುಖ್ಯಾಧಿಕಾರಿಗಳು ಕೆಂಡವಾದರು. ಯಲಿಗಾರರು ಅವರೆದುರು ನಿಂತು ಹೇಳಿದರು: "ಅವರೂ ಈ ಊರಿನವರೇ ಸರ್. ಆಶ್ರಯ ಇದ್ದರೆ ಮೊದಲು ಅವರಿಗೆ ತೋರಿಸೋಣ, ಒಪ್ಪಿದವರು ಬರುತ್ತಾರೆ. ಒಲ್ಲೆ ಅಂದವರನ್ನು ಎತ್ತಿ ಒಯ್ಯುವ ಅಧಿಕಾರ ನನಗಿಲ್ಲ. ನಿಮಗೂ ಇಲ್ಲ."

ಉದ್ಘಾಟನೆಯ ಬೆಳಿಗ್ಗೆ ಅವರು ಚಪ್ಪರದಲ್ಲಿ ತಮಗಿಟ್ಟ ಕುರ್ಚಿಗೆ ಹೋಗದೆ ಸ್ಟೇಶನ್ ಗೋಡೆಯ ಬಳಿ ನಿಂತರು. ಪೊಲೀಸ್ ವ್ಯಾನು ಬಂದಾಗಲೆಲ್ಲ ಜನ ಗಂಟು ಅವುಚಿಕೊಂಡು ಅವರ ಮುಖ ನೋಡುವರು; ಅವರು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುವರು. ಮಂತ್ರಿಗಳ ಕಾರುಗಳು ಬಂದವು, ಹೋದವು. ಆಟಗಾರರ ಬಸ್ಸಿನಿಂದ ಹುಡುಗಿಯೊಬ್ಬಳು ಕೈಬೀಸಿದಳು. ಅಷ್ಟೇ ನಡೆದದ್ದು.

ಕೂಟ ಮುಗಿಯುತ್ತಲೇ ಯಲಿಗಾರರಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುನ್ನ ನಾಕಾಕ್ಕೆ ಬಂದು, ಮಂತ್ರೋಪದೇಶ ದಯಪಾಲಿಸಬೇಕೆಂದು ತಾಯಿಯವರನ್ನು ಬೇಡಿದರು.

"ಹೋದ ಊರಾಗ ಮನಿ ಇಲ್ಲದವರು ಎಲ್ಲಿ ಮಲಗತಾರ, ಮೊದಲು ನೋಡಿ ಬಾ. ಆಮ್ಯಾಲ ಮಂತ್ರ" ಎಂದು ಅಪ್ಪಣೆಯಾಯಿತು.

ಆಮೇಲೆ ಯಲಿಗಾರರು ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದರು. ಯಾವ ಊರಿಗೆ ಹೋದರೂ ಕಚೇರಿಗಿಂತ ಮೊದಲು ಸೇತುವೆಗಳ ಕೆಳಗೆ, ಬಸ್ ನಿಲ್ದಾಣದ ಹಿಂದೆ ಅವರ ಹೆಜ್ಜೆ ಬೀಳುತ್ತಿತ್ತು. ಅವರ ಇಳಿವಯಸ್ಸಿನಲ್ಲಿ ಭಕ್ತರೊಬ್ಬರು, ತಾಯಿಯವರಿಂದ ನೀವು ಪಡೆದ ಮಂತ್ರ ಯಾವುದೆಂದು ಕೇಳಿದರಂತೆ.

ಯಲಿಗಾರರು ಕೈಮುಗಿದು ಹೇಳಿದರಂತೆ: "ಇನ್ನೂ ನೋಡಿ ಮುಗಿದಿಲ್ಲರೀ. ಮಂತ್ರ ಕೇಳೂದಕ್ಕ ಹೋಗಿಲ್ಲ."